ಕಾಗಿಣಾ ದಂಡೆಯ ಗಣಿ ನೆಲ: ಬಾವಿಯ ನೀರು, ಹಳ್ಳದ ನೀರು ಎರಡನ್ನೂ ಒಂದೇ ಮಾಡೆಲ್‌ನಲ್ಲಿ ಹಿಡಿಯುವುದು ಹೇಗೆ

ಸುಣ್ಣಕಲ್ಲಿನ ಗಣಿ ಇರುವ ಕಡೆ ಬೇಸಿಗೆಯಲ್ಲಿ ಒಂದು ವಿಚಿತ್ರ ಕಾಣಸಿಗುತ್ತದೆ. ಮಳೆ ನಿಂತು ತಿಂಗಳುಗಳಾದರೂ ಒಂದು ಹಳ್ಳದಲ್ಲಿ ನೀರು ಹರಿಯುತ್ತಿರುತ್ತದೆ. ಪಕ್ಕದ ಊರಿನ ತೆರೆದ ಬಾವಿ ಮಾತ್ರ ತಳ ಕಂಡಿರುತ್ತದೆ. ಗಣಿಯೊಳಗೆ ಜಿನುಗಿದ ನೀರನ್ನು ಪಂಪ್ ಹಚ್ಚಿ ಹಳ್ಳಕ್ಕೆ ಬಿಡುತ್ತಾರೆ, ಅಷ್ಟೇ. ಹಳ್ಳವನ್ನಷ್ಟೇ ಅಳೆದವರು 'ನೀರು ಚೆನ್ನಾಗಿದೆ' ಅನ್ನುತ್ತಾರೆ. ಬಾವಿಯನ್ನಷ್ಟೇ ನೋಡಿದವರು 'ನೀರೇ ಹೋಯ್ತು' ಅನ್ನುತ್ತಾರೆ. ಇಬ್ಬರೂ ಅಳೆದದ್ದು ಒಂದೇ ನೀರನ್ನು.

ಹಾಗಾಗಿ ಗಣಿ ಇರುವ ನೆಲದಲ್ಲಿ ಬಾವಿಗೆ ಒಂದು ಮಾಡೆಲ್, ಹಳ್ಳಕ್ಕೆ ಇನ್ನೊಂದು ಅಂತ ಮಾಡಿದರೆ ಉಪಯೋಗ ಕಡಿಮೆ. ಮಾಡೆಲ್ ಅಂದರೆ ನೆಲದ ಮೇಲೂ ಒಳಗೂ ನೀರು ಹೇಗೆ ಸಾಗುತ್ತದೆ ಅನ್ನುವ ಕಂಪ್ಯೂಟರ್ ಲೆಕ್ಕ. ಎರಡಕ್ಕೂ ಒಂದೇ ಲೆಕ್ಕ ಬೇಕು. ಅದನ್ನು ಕಟ್ಟುವ ದಾರಿ ಇಲ್ಲಿದೆ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಬಳಸಲು ಬಂದರೆ, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಅಲ್ಪಸ್ವಲ್ಪ ಗೊತ್ತಿದ್ದರೆ ಸಾಕು. ಉದಾಹರಣೆಗೆ ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಗೆ ಸೇರುವ ಒಂದು ಸಣ್ಣ ಹಳ್ಳವನ್ನು ತೆಗೆದುಕೊಳ್ಳುತ್ತೇನೆ. ಯಾದಗಿರಿ, ಬೀದರ್ ಕಡೆಯವರು ಕಲ್ಲಿನ ವಿವರ ಬದಲಿಸಿಕೊಂಡರೆ ಉಳಿದದ್ದು ಹಾಗೇ ನಡೆಯುತ್ತದೆ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

'ಗಣಿಯಿಂದ ಏನು ಪರಿಣಾಮ?' ಅನ್ನುವುದು ಮಾಡೆಲ್‌ಗೆ ಹಾಕುವ ಪ್ರಶ್ನೆಯಲ್ಲ. 'ಗಣಿಯ ತಳ ಇನ್ನೂ 10 ಮೀಟರ್ ಕೆಳಗಿಳಿದರೆ, ಒಂದು ಕಿಲೋಮೀಟರ್ ಒಳಗಿನ ಬಾವಿಗಳಲ್ಲಿ ಮೇ ತಿಂಗಳ ನೀರಿನ ಮಟ್ಟ ಎಷ್ಟು ಇಳಿಯುತ್ತದೆ? ಪಂಪ್ ನಿಲ್ಲಿಸಿದರೆ ಹಳ್ಳದಲ್ಲಿ ಎಷ್ಟು ಉಳಿಯುತ್ತದೆ?' ಇದು ಪ್ರಶ್ನೆ. ಜಾಗ, ತಿಂಗಳು, ಆಳ ಮೂರೂ ಇದರಲ್ಲಿವೆ. ಗ್ರಿಡ್‌ನ (ಮಾಡೆಲ್‌ನಲ್ಲಿ ನೆಲವನ್ನು ಹಂಚುವ ಚೌಕಗಳ) ಅಳತೆಯಿಂದ ಹಿಡಿದು ಯಾವ ಬಾವಿಗೆ ಹೋಗಬೇಕು ಅನ್ನುವವರೆಗೆ ಎಲ್ಲವನ್ನೂ ಈ ಒಂದು ಸಾಲೇ ತೀರ್ಮಾನಿಸುತ್ತದೆ.

ಹಂತ 2: ನೆಲದ ಪದರ ಅರ್ಥ ಮಾಡಿಕೊಳ್ಳಿ

ಈ ಭಾಗದ ನೆಲ ಮೂರು ಬಗೆ. ಬೀದರ್, ಆಳಂದ ಮತ್ತು ಕಲಬುರಗಿ ಸುತ್ತ ಡೆಕ್ಕನ್ ಟ್ರ್ಯಾಪ್‌ನ ಕಪ್ಪು ಬಸಾಲ್ಟ್ ಕಲ್ಲು. ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಕಡೆ ಭೂವಿಜ್ಞಾನಿಗಳು ಭೀಮಾ ಗುಂಪು ಅನ್ನುವ ಪದರಗಳ ಸುಣ್ಣಕಲ್ಲು ಮತ್ತು ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರಗಲ್ಲು). ಯಾದಗಿರಿ ಕಡೆ ಹೋದಂತೆ ಗ್ರಾನೈಟ್ ಮತ್ತು ನೈಸ್ ಅನ್ನುವ ಗಟ್ಟಿ ಕಲ್ಲು. ಸುಣ್ಣಕಲ್ಲು ಬಸಾಲ್ಟ್‌ಗಿಂತ ಎಷ್ಟೋ ಹಳೆಯದು. ಆದ್ದರಿಂದ ಎರಡೂ ಕೂಡುವ ಗಡಿಯಲ್ಲಿ ಮೇಲೆ ಬಸಾಲ್ಟ್, ಕೆಳಗೆ ಸುಣ್ಣಕಲ್ಲು ಇರುತ್ತದೆ.

ನೀರಿನ ದೃಷ್ಟಿಯಿಂದ ಶಹಾಬಾದ್ ಕಲ್ಲಿನ ಗುಣ ಗಮನಿಸಿ. ಮನೆಗೆ ಹಾಸುವ ಫರ್ಸಿ ಇದೇ ಕಲ್ಲು. ಹಲಗೆ ಹಲಗೆಯಾಗಿ ಏಳುತ್ತದೆ ಅಂದರೆ ಅಡ್ಡ ಪದರಗಳಿವೆ ಅಂತಲೇ ಅರ್ಥ. ನೀರು ಹರಿಯುವುದು ಕಲ್ಲಿನ ಒಡಲಲ್ಲಿ ಅಲ್ಲ. ಈ ಪದರದ ಸಂದುಗಳಲ್ಲಿ ಮತ್ತು ನಿಂತ ಬಿರುಕುಗಳಲ್ಲಿ. ಹಾಗಾಗಿ ಅಡ್ಡಡ್ಡ ಹರಿವು ಸಲೀಸು, ಕೆಳಮುಖ ಹರಿವು ಕಷ್ಟ. ಕಲ್ಲು ನೀರನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಅನ್ನುವುದಕ್ಕೆ ವಾಹಕತೆ ಅಂತಾರೆ. ಮಾಡೆಲ್‌ನಲ್ಲಿ ಅಡ್ಡ ವಾಹಕತೆಯ ಹತ್ತನೇ ಒಂದು ಭಾಗವನ್ನು ಲಂಬ (ಕೆಳಮುಖ) ವಾಹಕತೆ ಅಂತ ಇಟ್ಟು ಶುರು ಮಾಡಿ. ಕೆಲವೆಡೆ ಸುಣ್ಣಕಲ್ಲು ಕರಗಿ ಪೊಳ್ಳಾಗಿರುತ್ತದೆ. ಬೋರ್ ಕೊರೆಯುವಾಗ ರಾಡ್ ಸರ್ರನೆ ಇಳಿದ ಜಾಗಗಳನ್ನು ರಿಗ್‌ನವರೇ ಹೇಳುತ್ತಾರೆ. ಅವನ್ನು ನಕ್ಷೆಯ ಮೇಲೆ ಗುರುತಿಸಿಕೊಳ್ಳಿ.

ಮೂರು ಪದರ ಸಾಕು. ಮೊದಲನೆಯದು ಕರಿಮಣ್ಣು ಮತ್ತು ಕೊಳೆತ ಕಲ್ಲು, ಸುಮಾರು 10 ಮೀಟರ್. ಎರಡನೆಯದು ಬಿರುಕು ಜಾಸ್ತಿ ಇರುವ ಸುಣ್ಣಕಲ್ಲು, 50 ಮೀಟರ್‌ವರೆಗೆ. ಮೂರನೆಯದು ಬಿರುಕು ವಿರಳವಾದ ಗಟ್ಟಿ ಕಲ್ಲು, 150 ಮೀಟರ್‌ವರೆಗೆ. ಈ ಆಳಗಳು ಶುರುವಿನ ಊಹೆ ಮಾತ್ರ. ನಿಮ್ಮ ಜಾಗದ ಬೋರ್ ಮಾಹಿತಿ ಸಿಕ್ಕಂತೆ ತಿದ್ದಿ. ಹತ್ತು ಪದರ ಮಾಡಿದರೆ ಮಾಡೆಲ್ ಚೆಂದ ಕಾಣುತ್ತದೆ, ಆದರೆ ಅವಕ್ಕೆ ತುಂಬಲು ನಿಮ್ಮ ಹತ್ತಿರ ಮಾಹಿತಿ ಇರುವುದಿಲ್ಲ.

ಹಂತ 3: ಗಡಿ ಹಾಕುವುದು

ಹಳ್ಳದ ಜಲಾನಯನದ (ಹಳ್ಳಕ್ಕೆ ಮಳೆನೀರು ಹರಿದುಬರುವ ನೆಲದ) ಗಡಿಯನ್ನು ಕ್ಯೂಜಿಐಎಸ್‌ನಲ್ಲಿ ಎಳೆಯುವುದು ಕೆಲವೇ ನಿಮಿಷದ ಕೆಲಸ. ಎಲ್ಲರೂ ಅದನ್ನೇ ಮಾಡೆಲ್‌ನ ಗಡಿ ಅಂತಲೂ ಇಟ್ಟುಬಿಡುತ್ತಾರೆ. ಗಣಿ ಇದ್ದರೆ ಇದು ನಡೆಯುವುದಿಲ್ಲ. ಮಳೆನೀರು ಎರಡು ಕಡೆ ಇಳಿಯುವ ದಿಣ್ಣೆಯ ಹತ್ತಿರ ಆಳವಾದ ಗಣಿ ಇದ್ದರೆ, ಆಚೆ ಹಳ್ಳದ ಅಂತರ್ಜಲವನ್ನೂ ಅದು ಈಚೆ ಎಳೆಯುತ್ತದೆ. ನೆಲದ ಮೇಲಿನ ದಿಣ್ಣೆ ಅಲ್ಲೇ ಇರುತ್ತದೆ, ನೆಲದೊಳಗಿನ ದಿಣ್ಣೆ ಸರಿಯುತ್ತದೆ. ಆದ್ದರಿಂದ ಗಣಿಯಿಂದ ಎಲ್ಲ ದಿಕ್ಕಿಗೂ ಮೂರು ನಾಲ್ಕು ಕಿಲೋಮೀಟರ್ ದೂರ ಇರುವಂತೆ ಗಡಿ ಹಿಗ್ಗಿಸಿ. ಕೆಳಗಡೆ ಕಾಗಿಣಾ ನದಿಯನ್ನೇ ಗಡಿಯಾಗಿ ಇಡಿ.

ಇನ್ನೊಂದು ವಿಷಯ. ಕಾಗಿಣಾ ಬರುವುದು ತೆಲಂಗಾಣದ ವಿಕಾರಾಬಾದ್ ಕಡೆಯಿಂದ, ತಾಂಡೂರು ದಾಟಿ. ತಾಂಡೂರು ಕೂಡ ಸುಣ್ಣಕಲ್ಲಿನ ನಾಡೇ. ನಿಮ್ಮ ಹಳ್ಳ ರಾಜ್ಯದ ಗಡಿಗೆ ತಾಗಿದ್ದರೆ ಎರಡೂ ರಾಜ್ಯಗಳ ಬಾವಿ ಮಾಹಿತಿ ಬೇಕು. ಕರ್ನಾಟಕದ ನಕ್ಷೆ ಮುಗಿದಲ್ಲಿ ಮಾಡೆಲ್ ಮುಗಿಸಬೇಡಿ.

ಹಂತ 4: ಮಾಹಿತಿ ಕೂಡಿಸುವುದು

ಅರ್ಧಕ್ಕಿಂತ ಜಾಸ್ತಿ ಸಮಯ ಇಲ್ಲೇ ಹೋಗುತ್ತದೆ, ಹೋಗಲೂ ಬೇಕು.

ಮಳೆ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಮಳೆ ಅಂಕಿ ಇದೆ. ಹವಾಮಾನ ಇಲಾಖೆಯ ಗ್ರಿಡ್ ಮಳೆ ದೀರ್ಘ ಅವಧಿಗೆ ಸಿಗುತ್ತದೆ, ಆದರೆ ಅದರ ಒಂದು ಚೌಕ 0.25 ಡಿಗ್ರಿ, ಅಂದರೆ ಸುಮಾರು 27 ಕಿಲೋಮೀಟರ್ ಅಗಲ. ನಿಮ್ಮ ಹಳ್ಳ ಪೂರ್ತಿ ಒಂದೇ ಚೌಕದಲ್ಲಿ ಮುಳುಗಿಹೋಗಬಹುದು. ಇತ್ತೀಚಿನ ವರ್ಷಗಳಿಗೆ ಹೋಬಳಿ ಅಂಕಿಯನ್ನೇ ಹಿಡಿಯಿರಿ.

ಬಾವಿ ಮಟ್ಟ: ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯದ ವೀಕ್ಷಣಾ ಬಾವಿಗಳೂ ಇವೆ. ಆದರೆ ಸಣ್ಣ ಹಳ್ಳದೊಳಗೆ ಇವು ಒಂದೆರಡು ಸಿಕ್ಕರೆ ಹೆಚ್ಚು. ಉಳಿದದ್ದು ನಿಮ್ಮ ಅಳತೆ. ಗಣಿಯಿಂದ ಅರ್ಧ, ಒಂದು, ಎರಡು, ನಾಲ್ಕು ಕಿಲೋಮೀಟರ್ ದೂರದಲ್ಲಿ ಬಾವಿಗಳನ್ನು ಆರಿಸಿ. ತೆರೆದ ಬಾವಿ ಮತ್ತು ಬೋರ್ ಅಂಕಿಗಳನ್ನು ಬೆರೆಸಬೇಡಿ. ತೆರೆದ ಬಾವಿ ಮೇಲಿನ ಪದರದ್ದು, ಬೋರ್ ಕೆಳಗಿನದ್ದು. ಬೋರ್ ಅಳೆಯುವ ಮೊದಲು ಮೋಟರ್ ನಿಂತು ಕೆಲವು ಗಂಟೆ ಆಗಿರಲಿ. ಬಾವಿ ಬಾಯಿಯ ಎತ್ತರವನ್ನು ಮೊಬೈಲ್ ಜಿಪಿಎಸ್‌ನಿಂದ ತೆಗೆದುಕೊಳ್ಳಲೇಬೇಡಿ. ಹತ್ತು ಮೀಟರ್ ಆಚೀಚೆ ಆದರೆ ನೀರು ಹರಿಯುವ ದಿಕ್ಕೇ ತಿರುಗಿಬಿಡುತ್ತದೆ. ಹೆಚ್ಚು ನಿಖರವಾದ ಜಿಪಿಎಸ್ ಉಪಕರಣ ಡಿಜಿಪಿಎಸ್ ಅನ್ನು ಬಾಡಿಗೆಗೆ ತಂದು ಎಲ್ಲ ಬಾವಿಗಳನ್ನೂ ಒಟ್ಟಿಗೆ ಮುಗಿಸಿ.

ಹಳೆಯ ಮಟ್ಟಕ್ಕೆ ದಾಖಲೆ ಇರುವುದಿಲ್ಲ. ಆಗ ಊರವರ ನೆನಪೇ ದಾಖಲೆ. 'ಎಷ್ಟು ಅಡಿ ಇತ್ತು?' ಅಂತ ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ. 'ಕಾಕಾ, ಮೊದಲು ಈ ಬಾವಿ ಯಾವ ತಿಂಗಳಿಗೆ ಬತ್ತುತ್ತಿತ್ತು? ಈಗ ಯಾವ ತಿಂಗಳಿಗೆ?' ಅಂತ ಕೇಳಿ. ತಿಂಗಳು ಎಲ್ಲರಿಗೂ ನೆನಪಿರುತ್ತದೆ. ಬತ್ತಿದ ತಿಂಗಳು ಅಂದರೆ ನೀರು ಬಾವಿಯ ತಳಕ್ಕೆ ಮುಟ್ಟಿದ ದಿನ. ತಳದ ಆಳ ಅಳೆದರೆ ನಿಮಗೊಂದು ಅಂಕಿ ಸಿಕ್ಕಿತು.

ಹಳ್ಳದ ಹರಿವು: ಕಾಗಿಣಾ ಮೇಲೆ ಮಳಖೇಡದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಆ ಅಂಕಿ ಕಂಡು ಆಸೆಪಡಬೇಡಿ. ಬೆಣ್ಣೆತೊರಾ, ಕೆಳದಂಡೆ ಮುಲ್ಲಾಮಾರಿ ಜಲಾಶಯಗಳು ಇದೇ ಕಾಗಿಣಾ ಕಣಿವೆಯಲ್ಲಿವೆ. ನೀರು ಹಿಡಿದರೂ ಬಿಟ್ಟರೂ ನದಿಯ ಹರಿವು ಬದಲಾಗುತ್ತದೆ. ಅದರ ನಡುವೆ ನಿಮ್ಮ ಸಣ್ಣ ಹಳ್ಳದ ದನಿ ಕೇಳಿಸುವುದಿಲ್ಲ. ನೀವೇ ಅಳೆಯಬೇಕು. ಬೇಸಿಗೆಯ ಸಣ್ಣ ಹರಿವಿಗೆ 90 ಡಿಗ್ರಿ ವಿ ಆಕಾರದ ಕಚ್ಚು ಇರುವ ತಗಡು ಸಾಕು. ಕಚ್ಚಿನ ತುದಿಯಿಂದ ನೀರಿನ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದನ್ನು 2.5 ಘಾತಕ್ಕೆ ಏರಿಸಿ, 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅನ್ನುವುದು ಬರುತ್ತದೆ. ಎತ್ತರ 20 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 25 ಲೀಟರ್. ಮಳೆಗಾಲಕ್ಕೆ ತೇಲುವ ವಸ್ತು ಬಿಟ್ಟು ವೇಗ ಹಿಡಿಯಿರಿ. ಮೇಲ್ಮೈ ವೇಗವನ್ನು 0.85ರಿಂದ ಗುಣಿಸುವುದು ಮರೆಯಬೇಡಿ.

ಗಣಿ: ಇಲ್ಲಿ ಮೂರು ವಿಷಯ ಬೇಕು. ಯಾವ ವರ್ಷ ಎಷ್ಟು ಅಗಲ, ಎಷ್ಟು ಆಳ, ಎಷ್ಟು ನೀರು ಪಂಪ್ ಆಯಿತು. ಅಗಲಕ್ಕೆ ಉಪಗ್ರಹ ಚಿತ್ರ ಸಾಕು. 30 ಮೀಟರ್ ವಿವರದ ಲ್ಯಾಂಡ್‌ಸ್ಯಾಟ್ ಚಿತ್ರಗಳು 1980ರ ದಶಕದಿಂದ ಇವೆ, ಸೆಂಟಿನೆಲ್ 2 ಚಿತ್ರಗಳು 2015ರಿಂದ. ಆಳಕ್ಕೆ ಒಂದು ಉಪಾಯ ಇದೆ. ಎಸ್‌ಆರ್‌ಟಿಎಂ ಎತ್ತರದ ಮಾಹಿತಿ 2000ದ ಫೆಬ್ರವರಿಯದ್ದು. ಕೋಪರ್ನಿಕಸ್ ಎತ್ತರ ಮಾದರಿ 2011ರಿಂದ 2015ರ ನಡುವಿನದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ಆ ಅವಧಿಯಲ್ಲಿ ಅಗೆದ ಗುಂಡಿ ನಕ್ಷೆಯ ಮೇಲೆ ಎದ್ದು ಕಾಣುತ್ತದೆ. ಕೆಲವು ಮೀಟರ್ ತಪ್ಪು ಇದ್ದೇ ಇರುತ್ತದೆ, ಆದರೆ 20 ಮೀಟರ್ ಆಳದ ಗಣಿಗೆ ಇದು ಒಳ್ಳೆಯ ಶುರು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಗಣಿಗಳ ಪರಿಸರ ವರದಿಗಳು ಸಿಗುತ್ತವೆ. ಗಣಿಯ ನಕ್ಷೆ, ತಳದ ಮಟ್ಟ, ಸುತ್ತಲಿನ ಬಾವಿ ಅಳತೆ ಬಹಳ ಸಲ ಅದರಲ್ಲೇ ಇರುತ್ತವೆ.

ಪಂಪ್ ಆದ ನೀರಿಗೆ ಮೀಟರ್ ಇಲ್ಲದಿದ್ದರೆ ಪಂಪ್ ಆಪರೇಟರ್ ಹತ್ತಿರ ಹೋಗಿ. ಎಷ್ಟು ಗಂಟೆ ಓಡಿಸುತ್ತಾರೆ, ಯಾವ ತಿಂಗಳು ಹಗಲು ರಾತ್ರಿ ಓಡುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಪೈಪಿನ ಬಾಯಲ್ಲಿ 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ನೋಡಿ. ತೀರಾ ಜೋರಾದ ಪಂಪ್ ಆದರೆ ಹೊರಬಿಡುವ ಕಾಲುವೆಯಲ್ಲೇ ವಿ ಕಚ್ಚು ಹಾಕಿ.

ರೈತರ ಬೋರ್‌ಗಳನ್ನೂ ಎಣಿಸಿ. ಇದನ್ನು ಬಿಟ್ಟರೆ ಎಲ್ಲ ತಪ್ಪೂ ಗಣಿಯ ತಲೆಗೆ ಹೋಗುತ್ತದೆ. ಸೆಕೆಂಡಿಗೆ 2 ಲೀಟರ್ ಕೊಡುವ ಬೋರ್ ದಿನಕ್ಕೆ 5 ಗಂಟೆ, ವರ್ಷಕ್ಕೆ 150 ದಿನ ಓಡಿದರೆ 5,400 ಘನ ಮೀಟರ್. ಅಂಥ 200 ಬೋರ್ ಇದ್ದರೆ 10.8 ಲಕ್ಷ ಘನ ಮೀಟರ್.

ಹಂತ 5: ಕಂಪ್ಯೂಟರ್ ಮುಚ್ಚಿಟ್ಟು ಕಾಗದದ ಮೇಲೆ ಲೆಕ್ಕ

ಈ ಹಂತ ಹಾರಿಸುವವರೇ ಜಾಸ್ತಿ. ಆಮೇಲೆ ಮಾಡೆಲ್ ಯಾವ ಅಂಕಿ ಕೊಟ್ಟರೂ ನಂಬುವ ಸ್ಥಿತಿ ಬರುತ್ತದೆ.

ಹಳ್ಳದ ಜಲಾನಯನ 120 ಚದರ ಕಿಲೋಮೀಟರ್, ಮಳೆ 750 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಬಿದ್ದ ನೀರು 9 ಕೋಟಿ ಘನ ಮೀಟರ್. ಅಂತರ್ಜಲ ಅಂದಾಜು ಸಮಿತಿಯ 1997ರ ಮಾನದಂಡದಂತೆ ಪೊಳ್ಳಿಲ್ಲದ ಸುಣ್ಣಕಲ್ಲಿನಲ್ಲಿ ಮಳೆಯ ಶೇ. 6 ಇಂಗುತ್ತದೆ, ಶೇಲ್‌ನಲ್ಲಿ ಶೇ. 4. ಪೂರ್ತಿ ಸುಣ್ಣಕಲ್ಲು ಅಂದುಕೊಂಡರೆ ಇಂಗುವುದು 45 ಮಿಲಿಮೀಟರ್, ಅಂದರೆ 54 ಲಕ್ಷ ಘನ ಮೀಟರ್.

ಈಗ ಗಣಿ. ಸೆಕೆಂಡಿಗೆ 40 ಲೀಟರ್, ದಿನಕ್ಕೆ 12 ಗಂಟೆ ಅಂದರೆ 1,728 ಘನ ಮೀಟರ್. ಜನವರಿಯಿಂದ ಮೇವರೆಗೆ 150 ದಿನಕ್ಕೆ ಸುಮಾರು 2.6 ಲಕ್ಷ. ಇಡೀ ಜಲಾನಯನಕ್ಕೆ ಹೋಲಿಸಿದರೆ ಶೇ. 5ಕ್ಕೂ ಕಡಿಮೆ, 'ಏನೂ ಅಲ್ಲ' ಅನ್ನಿಸುತ್ತದೆ. ಆದರೆ ಗಣಿ ನೀರೆಳೆಯುವುದು ಪಕ್ಕದ ನೆಲದಿಂದ. ಸುತ್ತಲಿನ 10 ಚದರ ಕಿಲೋಮೀಟರ್‌ನಲ್ಲಿ ವರ್ಷಕ್ಕೆ ಇಂಗುವುದೇ 4.5 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಐದು ತಿಂಗಳಲ್ಲಿ ಹೊರಗೆ ಹೋಯಿತು. ಒಂದೇ ಅಂಕಿ, ಎರಡು ಕಥೆ. ವರದಿ ಓದುವಾಗಲೂ ಯಾವ ವಿಸ್ತೀರ್ಣದಿಂದ ಭಾಗಿಸಿದ್ದಾರೆ ಅಂತ ಮೊದಲು ನೋಡಿ.

ಜನವರಿಯಿಂದ ಮೇ ಅಂತ ಬೇಕೆಂದೇ ತೆಗೆದುಕೊಂಡೆ. ಮಳೆಗಾಲದಲ್ಲಿ ಪಂಪ್ ಎತ್ತುವುದರಲ್ಲಿ ಬಹುಪಾಲು ಗುಂಡಿಗೆ ನೇರ ಬಿದ್ದ ಮಳೆ. ಒಂದು ಚದರ ಕಿಲೋಮೀಟರ್ ಗಣಿಗೆ ವರ್ಷಕ್ಕೆ 7.5 ಲಕ್ಷ ಘನ ಮೀಟರ್ ಬೀಳುತ್ತದೆ. ಅದನ್ನು ಅಂತರ್ಜಲ ಅಂತ ಲೆಕ್ಕ ಹಾಕಿದರೆ ಕಲ್ಲಿನ ವಾಹಕತೆ ಸುಳ್ಳುಸುಳ್ಳೇ ಏರುತ್ತದೆ.

ಜಿನುಗುವ ನೀರಿಗೂ ಕೈಲೆಕ್ಕ ಇದೆ. ವಾಹಕತೆ ದಿನಕ್ಕೆ 0.5 ಮೀಟರ್, ದೂರದಲ್ಲಿ ನೀರಿನ ದಪ್ಪ 20 ಮೀಟರ್, ಗಣಿ ಅಂಚಿನಲ್ಲಿ 5 ಮೀಟರ್, ಗಣಿಯ ತ್ರಿಜ್ಯ 200 ಮೀಟರ್, ಪ್ರಭಾವ ಹಬ್ಬುವ ದೂರ 1,000 ಮೀಟರ್ ಅಂದುಕೊಳ್ಳಿ. ಎರಡು ದಪ್ಪಗಳ ವರ್ಗದ ವ್ಯತ್ಯಾಸ 375. ಅದನ್ನು 3.14 ಮತ್ತು 0.5ರಿಂದ ಗುಣಿಸಿ, 1,000 ಭಾಗ 200ರ ನ್ಯಾಚುರಲ್ ಲಾಗ್ 1.609ರಿಂದ ಭಾಗಿಸಿ. ದಿನಕ್ಕೆ ಸುಮಾರು 366 ಘನ ಮೀಟರ್. ಪಂಪ್ ಎತ್ತುವುದು 1,728 ಇದ್ದರೆ ವಾಹಕತೆ ಊಹಿಸಿದ್ದಕ್ಕಿಂತ ಜಾಸ್ತಿ ಇರಬೇಕು, ಅಥವಾ ಎಲ್ಲೋ ಪೊಳ್ಳು ಇರಬೇಕು, ಅಥವಾ ಹಳ್ಳಕ್ಕೆ ಬಿಟ್ಟ ನೀರೇ ಇಂಗಿ ವಾಪಸ್ ಗಣಿಗೆ ಬರುತ್ತಿರಬೇಕು. ಮೂರನೆಯದನ್ನು ಪರೀಕ್ಷಿಸುವುದು ಸುಲಭ. ಪಂಪ್ ಒಂದೇ ಸಮ ಓಡುತ್ತಿರುವ ದಿನ, ನೀರು ಬಿಡುವ ಜಾಗದಲ್ಲಿ ಮತ್ತು ಅಲ್ಲಿಂದ ಒಂದು ಕಿಲೋಮೀಟರ್ ಕೆಳಗೆ ಹರಿವು ಅಳೆಯಿರಿ. ನಡುವೆ ಯಾರೂ ಮೋಟರ್ ಇಟ್ಟಿಲ್ಲ ಅಂದರೆ ಕಡಿಮೆಯಾದದ್ದು ಬಹುಪಾಲು ಇಂಗಿದ್ದು.

ಹಂತ 6: ಮಾಡೆಲ್ ಕಟ್ಟುವುದು

ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಅಂತರ್ಜಲ ಮಾಡೆಲ್ ತಂತ್ರಾಂಶ ಮಾಡ್‌ಫ್ಲೋ 6 ಉಚಿತ. ಪೈಥಾನ್ ಬಲ್ಲವರು ಅದನ್ನು ಪೈಥಾನ್‌ನಿಂದ ನಡೆಸುವ ಫ್ಲೋಪೈ ಬಳಸಿ. ಕಿಟಕಿ, ಗುಂಡಿ ಒತ್ತಿ ಕೆಲಸ ಮಾಡುವವರಿಗೆ ಮಾಡೆಲ್‌ಮ್ಯೂಸ್ ಇದೆ, ಅದೂ ಉಚಿತ. ಮಳೆಯಿಂದ ಹಳ್ಳದವರೆಗೆ ಎಲ್ಲವೂ ಒಂದರಲ್ಲೇ ಬೇಕೆಂದರೆ ಜಿಎಸ್‌ಫ್ಲೋ ಇದೆ, ಆದರೆ ಅದು ಕೇಳುವ ಮಾಹಿತಿ ಇಲ್ಲಿ ಸಿಗುವುದು ಕಷ್ಟ. ನನ್ನ ಸಲಹೆ: ಮಣ್ಣಿನ ನೀರಿನ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿ, ಇಂಗಿದ್ದನ್ನೂ ಮೇಲೆ ಹರಿದದ್ದನ್ನೂ ಮಾಡ್‌ಫ್ಲೋ 6ಕ್ಕೆ ಕೊಡಿ.

ಆ ಸ್ಪ್ರೆಡ್‌ಶೀಟ್‌ನಲ್ಲಿ ನಮ್ಮ ಕರಿಮಣ್ಣಿನ ಸ್ವಭಾವ ಬರಬೇಕು. ಬೇಸಿಗೆಯಲ್ಲಿ ಎರೆ ಭೂಮಿ ಬಿರಿದಿರುತ್ತದೆ. ಮೊದಲ ಜೋರು ಮಳೆಯ ಒಂದಷ್ಟು ನೀರು ಬಿರುಕಿನಿಂದ ನೇರ ಕೆಳಗೆ ಹೋಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮಣ್ಣು ತುಂಬುವವರೆಗೆ ಇಂಗುವಿಕೆ ಹೆಚ್ಚೂಕಡಿಮೆ ಸೊನ್ನೆ. ಆಳವಾದ ಕರಿಮಣ್ಣು 150ರಿಂದ 250 ಮಿಲಿಮೀಟರ್ ನೀರು ಹಿಡಿಯುತ್ತದೆ ಅಂತ ಶುರು ಮಾಡಿ. ತುಂಬಿದ ಮೇಲೆ ಬಂದ ಮಳೆಯಷ್ಟೇ ಕೆಳಗಿಳಿಯಲಿ. ಪ್ರತಿ ತಿಂಗಳಿಗೂ ಶೇ. 6 ಅಂತ ಹಾಕಿದರೆ ಜೂನ್‌ನಲ್ಲೇ ಬಾವಿ ಏರಿಬಿಡುತ್ತದೆ, ಅದು ನಿಜವಲ್ಲ ಅಂತ ಯಾವ ರೈತನಾದರೂ ಹೇಳುತ್ತಾನೆ. ತೊಗರಿ ಹೊಲ ನವೆಂಬರ್ ದಾಟಿಯೂ ನೀರು ಕುಡಿಯುತ್ತದೆ ಅನ್ನುವುದನ್ನೂ ಸೇರಿಸಿ.

ಗ್ರಿಡ್ ಚೌಕ ಗಣಿಯ ಹತ್ತಿರ 50 ಮೀಟರ್, ದೂರದಲ್ಲಿ 200. ಕಾಲದ ಹೆಜ್ಜೆ ಒಂದು ತಿಂಗಳು. ಜೂನ್‌ನಿಂದ ವರ್ಷ ಶುರು ಮಾಡಿ. ನೀರಿನ ಮಟ್ಟ ಇಳಿದು ಚೌಕಗಳು ಒಣಗುವುದರಿಂದ ಲೆಕ್ಕ ಅಲ್ಲಿಗೇ ನಿಲ್ಲದಂತೆ ಮಾಡ್‌ಫ್ಲೋದ ನ್ಯೂಟನ್ ಆಯ್ಕೆಯನ್ನು ಚಾಲೂ ಇಡಿ.

ಮಾಡ್‌ಫ್ಲೋದಲ್ಲಿ ಒಂದೊಂದು ಕೆಲಸಕ್ಕೆ ಇರುವ ಭಾಗವನ್ನು ಪ್ಯಾಕೇಜ್ ಅಂತಾರೆ. ಹಳ್ಳಕ್ಕೆ ಎಸ್‌ಎಫ್‌ಆರ್ ಪ್ಯಾಕೇಜ್ ಬಳಸಿ. ಅದು ಹರಿವನ್ನೂ ಲೆಕ್ಕ ಇಡುತ್ತದೆ, ತಳದಿಂದ ಇಂಗುವುದನ್ನೂ ಬಿಡುತ್ತದೆ. ಗಣಿಗೆ ಡ್ರೈನ್ ಪ್ಯಾಕೇಜ್. ಡ್ರೈನ್‌ನ ಎತ್ತರವೇ ಗಣಿಯ ತಳ, ಪ್ರತಿ ವರ್ಷ ಉಪಗ್ರಹ ಚಿತ್ರದಂತೆ ಹರಡುತ್ತಾ ಇಳಿಯುತ್ತಾ ಹೋಗಲಿ. ಗಣಿಗೆ ಬಾವಿ ಪ್ಯಾಕೇಜ್ ಹಾಕಿ ಪಂಪ್ ಅಂಕಿ ತುಂಬಬೇಡಿ. ಹಾಗೆ ಮಾಡಿದರೆ ಉತ್ತರವನ್ನೇ ಪ್ರಶ್ನೆಯಾಗಿ ಕೊಟ್ಟಂತೆ. ಮುಂದೆ ತಳ ಇಳಿದರೆ ಎಷ್ಟು ನೀರು ಬರುತ್ತದೆ ಅಂತ ಮಾಡೆಲ್ ಹೇಳಲಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೊಂಡಿ: ಮೂವರ್ ಪ್ಯಾಕೇಜ್. ಡ್ರೈನ್‌ಗೆ ಬಂದ ನೀರನ್ನು ಇದು ಹಳ್ಳದ ನಿರ್ದಿಷ್ಟ ಭಾಗಕ್ಕೆ ಸಾಗಿಸುತ್ತದೆ. ಎಷ್ಟು ಪಾಲು ಅಂತ ನೀವು ಹೇಳಬಹುದು. ರಸ್ತೆಗೆ ಧೂಳು ಏಳದಂತೆ ಚಿಮುಕಿಸಿದ್ದು, ಕಾರ್ಖಾನೆಗೆ ಹೋದದ್ದು ಕಳೆದು, ಉಳಿದ ಪಾಲು ಹಳ್ಳಕ್ಕೆ. ಈ ಒಂದು ಕೊಂಡಿ ಇಲ್ಲದಿದ್ದರೆ ಗಣಿಯ ನೀರು ಮಾಡೆಲ್‌ನಿಂದ ಮಾಯವಾಗುತ್ತದೆ, ಏಪ್ರಿಲ್ ಹರಿವು ಎಲ್ಲಿಂದ ಬಂತು ಅಂತ ವಿವರಿಸಲು ನೀವು ಇಲ್ಲದ ಅಂತರ್ಜಲವನ್ನು ಹುಟ್ಟಿಸಬೇಕಾಗುತ್ತದೆ.

ಕೈಬಿಟ್ಟ ಫರ್ಸಿ ಖಣಿಗಳನ್ನು ಮರೆಯಬೇಡಿ. ನೀರು ತುಂಬಿದ 10 ಹೆಕ್ಟೇರ್ ಖಣಿಯಿಂದ ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ 800 ಘನ ಮೀಟರ್ ಹೋಯಿತು. ಅಂಥ ಜಾಗದಲ್ಲಿ ಸ್ಪೆಸಿಫಿಕ್ ಯೀಲ್ಡ್ (ನೆಲದ ಒಟ್ಟು ಗಾತ್ರದಲ್ಲಿ ಬಸಿದು ಬರುವ ನೀರಿನ ಪಾಲು) 1 ಇಟ್ಟು, ಆವಿಯಾಗುವಿಕೆ ಪ್ಯಾಕೇಜ್ ಹಾಕಿ.

ಹಂತ 7: ಹೊಂದಿಸುವುದು

ಹೊಂದಿಸುವುದು ಅಂದರೆ ಮಾಡೆಲ್‌ನ ಉತ್ತರ ಅಳತೆಗೆ ಕೂಡುವವರೆಗೆ ಅದರ ಅಂಕಿಗಳನ್ನು ತಿದ್ದುವುದು. ಬಾವಿ ಮಟ್ಟಕ್ಕೆ ಮಾತ್ರ ಹೊಂದಿಸಿದ ಮಾಡೆಲ್ ಮೇಲೆ ನನಗೆ ನಂಬಿಕೆ ಇಲ್ಲ. ಕಾರಣ ಇದು. ಸ್ಥಿರ ಸ್ಥಿತಿಯಲ್ಲಿ (ಕಾಲ ಕಳೆದರೂ ಮಟ್ಟ ಬದಲಾಗದಿರುವಾಗ) ಇಂಗುವಿಕೆಯನ್ನೂ ವಾಹಕತೆಯನ್ನೂ ಒಟ್ಟಿಗೆ ದುಪ್ಪಟ್ಟು ಮಾಡಿದರೆ ಬಾವಿ ಮಟ್ಟ ಹೆಚ್ಚೂಕಡಿಮೆ ಅಲ್ಲೇ ಇರುತ್ತದೆ. ಅಂದರೆ ನೂರು ಬೇರೆ ಬೇರೆ ಮಾಡೆಲ್‌ಗಳು ಒಂದೇ ಬಾವಿ ಮಟ್ಟ ಕೊಡುತ್ತವೆ. ಇವನ್ನು ಬೇರ್ಪಡಿಸಲು ಹರಿಯುವ ನೀರಿನ ಅಳತೆ ಬೇಕೇ ಬೇಕು. ಗಟ್ಟಿಕಲ್ಲಿನ ನಾಡಿನಲ್ಲಿ ಅಂಥ ಅಳತೆ ಸಾಮಾನ್ಯವಾಗಿ ಸಿಗುವುದಿಲ್ಲ. ಗಣಿ ಇದ್ದ ಕಡೆ ಮಾತ್ರ ಅದು ತಾನಾಗೇ ಇದೆ. ವರ್ಷಗಟ್ಟಲೆ ನಡೆಯುತ್ತಿರುವ ದೊಡ್ಡ ಪಂಪಿಂಗ್ ಟೆಸ್ಟ್ ಅದು. ಹಾಗಾಗಿ ಬಾವಿ ಮಟ್ಟ, ಬೇಸಿಗೆ ಪಂಪ್ ಅಂಕಿ, ಹಳ್ಳದ ಬೇಸಿಗೆ ಹರಿವು ಮೂರನ್ನೂ ಒಟ್ಟಿಗೆ ಹೊಂದಿಸಿ.

ಮೊದಲು ಕೈಯಲ್ಲೇ ತಿದ್ದಿ. ಎರಡನೇ ಪದರದ ವಾಹಕತೆಯನ್ನು ದಿನಕ್ಕೆ 0.1ರಿಂದ 5 ಮೀಟರ್ ನಡುವೆ ಆಡಿಸಿ. ಸ್ಪೆಸಿಫಿಕ್ ಯೀಲ್ಡ್‌ಗೆ ಅದೇ 1997ರ ಮಾನದಂಡ ಸುಣ್ಣಕಲ್ಲಿಗೆ ಶೇ. 2, ಕರಗಿ ಪೊಳ್ಳಾದ ಸುಣ್ಣಕಲ್ಲಿಗೆ ಶೇ. 8 ಹೇಳುತ್ತದೆ. ಶೇ. 2 ಅಂದರೆ 45 ಮಿಲಿಮೀಟರ್ ಇಂಗಿದರೆ ಬಾವಿ 2.25 ಮೀಟರ್ ಏರುತ್ತದೆ. ನಿಮ್ಮ ಬಾವಿ 5 ಮೀಟರ್ ಏರಿದ್ದರೆ ಇಂಗುವಿಕೆ ಜಾಸ್ತಿ ಇದೆ, ಅಥವಾ ಯೀಲ್ಡ್ ಕಡಿಮೆ ಇದೆ. ಕೈಯಲ್ಲಿ ಹಿಡಿತ ಸಿಕ್ಕ ಮೇಲೆ, ಹೊಂದಿಸುವ ಕೆಲಸವನ್ನು ತಾನೇ ಮಾಡುವ ತಂತ್ರಾಂಶ ಪೆಸ್ಟ್ ಪ್ಲಸ್ ಪ್ಲಸ್‌ಗೆ ಕೊಡಿ. ಅದು ಒಂದೇ ಉತ್ತರ ಕೊಡದೆ, ಅಳತೆಗೆ ಹೊಂದುವ ಹಲವು ಮಾಡೆಲ್‌ಗಳ ಗುಂಪು ಕೊಡುವಂತೆ ಓಡಿಸಿ.

ಕೆಲವು ವರ್ಷಗಳನ್ನು ಪರೀಕ್ಷೆಗೆ ಅಂತ ತೆಗೆದಿಡಿ. 2020ರ ಅಕ್ಟೋಬರ್ ಪ್ರವಾಹದ ವರ್ಷ ಇದಕ್ಕೆ ಸರಿ. ಹೊಂದಿಸುವಾಗ ಅದನ್ನು ಸೇರಿಸಿದರೆ ಒಂದು ತಿಂಗಳ ಮಹಾಪೂರವೇ ಎಲ್ಲ ಅಂಕಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಹರಿವಿನ ಲಾಗ್ ತೆಗೆದುಕೊಂಡು ಹೋಲಿಸಿದರೆ ಬೇಸಿಗೆಯ ಸಣ್ಣ ಹರಿವಿಗೂ ಬೆಲೆ ಸಿಗುತ್ತದೆ.

ಒಂದು ಅಗ್ಗದ ಸಾಕ್ಷಿಯೂ ಇದೆ. ಸ್ಫೋಟಕದಲ್ಲಿ ಅಮೋನಿಯಂ ನೈಟ್ರೇಟ್ ಇರುವುದರಿಂದ ಗಣಿ ನೀರಿನಲ್ಲಿ ನೈಟ್ರೇಟ್ ಏರಿರಬಹುದು. ಹಳ್ಳದ ಪಕ್ಕದ ಬಾವಿಯಲ್ಲೂ ಅದೇ ಏರಿಕೆ ಕಂಡರೆ ಗಣಿ ನೀರು ಇಂಗಿ ಬಂದಿರಬಹುದು. ಹೊಲದ ಗೊಬ್ಬರದಿಂದಲೂ ನೈಟ್ರೇಟ್ ಬರುತ್ತದೆ, ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ.

ಹಂತ 8: ಎರಡು ಓಟ, ಒಂದು ಕಳೆಯುವ ಲೆಕ್ಕ

ಹೊಂದಿಸಿದ ಮಾಡೆಲ್ ಅನ್ನು ಗಣಿ ಸಮೇತ ಒಮ್ಮೆ, ಗಣಿ ತೆಗೆದುಹಾಕಿ ಇನ್ನೊಮ್ಮೆ ಓಡಿಸಿ. ಮಳೆ, ಬೋರ್ ಎಲ್ಲ ಅದೇ ಇರಲಿ. ಎರಡರ ವ್ಯತ್ಯಾಸವೇ ಗಣಿಯ ಪಾಲು. ಮೂರನೇ ಓಟದಲ್ಲಿ ಗಣಿ ಉಳಿಸಿ ಬೋರ್ ತೆಗೆಯಿರಿ. ಕೆಲವು ಬಾವಿಗಳಲ್ಲಿ ಬೋರ್‌ಗಳ ಪಾಲೇ ದೊಡ್ಡದು ಅಂತ ಬರಬಹುದು. ಬಂದರೆ ಹಾಗೇ ಬರೆಯಿರಿ.

ಮುಂದಿನ ವರ್ಷಗಳಿಗೆ ಮಳೆ ಊಹಿಸುವ ಬದಲು, ಹಿಂದಿನ ವರ್ಷಗಳ ಮಳೆಯನ್ನೇ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಓಡಿಸಿ. ಬರದ ಎರಡು ವರ್ಷ ಒಟ್ಟಿಗೆ ಬರುವ ಒಂದು ಜೋಡಣೆ ಇರಲೇಬೇಕು. ಗಣಿ ಮುಚ್ಚಿದ ಮೇಲಿನ ಓಟವನ್ನೂ ಮಾಡಿ. ಪಂಪ್ ನಿಂತ ದಿನವೇ ಹಳ್ಳದ ಬೇಸಿಗೆ ಹರಿವು ನಿಲ್ಲುತ್ತದೆ, ಬಾವಿ ಏರಲು ಮಾತ್ರ ವರ್ಷಗಳು ಬೇಕಾಗಬಹುದು. ಆ ನಡುವಿನ ವರ್ಷಗಳಲ್ಲಿ ಕೆಳಗಿನ ಊರಿನವರಿಗೆ ಹಳ್ಳವೂ ಇಲ್ಲ, ಮೇಲಿನವರಿಗೆ ಬಾವಿಯೂ ಇಲ್ಲ. ಮುಚ್ಚುವ ಯೋಜನೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಯಾದಗಿರಿಯ ಗೋಗಿ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಅಲ್ಲಿ ಯುರೇನಿಯಂ ನಿಕ್ಷೇಪ ಇರುವುದರಿಂದ ಹರಿವಿನ ಮಾಡೆಲ್ ಒಂದೇ ಸಾಲದು, ಕರಗಿದ ವಸ್ತು ಎಲ್ಲಿಗೆ ಸಾಗುತ್ತದೆ ಅನ್ನುವ ಲೆಕ್ಕವೂ ಬೇಕು. ಆದರೆ ಅದು ಈ ಮಾಡೆಲ್ ಮೇಲೆಯೇ ಕೂರುತ್ತದೆ. ಹರಿವು ಸರಿ ಬರುವ ಮೊದಲು ಅದಕ್ಕೆ ಕೈ ಹಾಕಬೇಡಿ.

ಹಂತ 9: ಫಲಿತಾಂಶ ಹೇಳುವುದು

ಊರಿನ ಸಭೆಗೆ ಬಣ್ಣದ ಕಾಂಟೂರ್ ನಕ್ಷೆ ತೆಗೆದುಕೊಂಡು ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗುರುತಿರುವ ಬಾವಿಗಳ ಪಟ್ಟಿ ಮಾಡಿ. ಪ್ರತಿ ಬಾವಿಗೆ ಈಗ ಯಾವ ತಿಂಗಳಿಗೆ ಬತ್ತುತ್ತದೆ, ಗಣಿ ಇನ್ನೂ 10 ಮೀಟರ್ ಇಳಿದರೆ ಯಾವ ತಿಂಗಳಿಗೆ ಅಂತ ಬರೆಯಿರಿ. ಒಂದೇ ತಿಂಗಳು ಬೇಡ, ಮಾಡೆಲ್ ಗುಂಪು ಕೊಟ್ಟ ವ್ಯಾಪ್ತಿ ಕೊಡಿ: 'ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ' ಅನ್ನುವ ಹಾಗೆ. ಅಧಿಕಾರಿಗಳಿಗೆ ಮತ್ತು ಗಣಿಯವರಿಗೆ ಕೊಡುವ ಪ್ರತಿಯಲ್ಲಿ ತಿಂಗಳವಾರು ನೀರಿನ ಲೆಕ್ಕ ಇರಲಿ: ಇಂಗಿದ್ದು, ಬೋರ್ ಎತ್ತಿದ್ದು, ಗಣಿಗೆ ಜಿನುಗಿದ್ದು, ಹಳ್ಳಕ್ಕೆ ಬಿಟ್ಟದ್ದು, ಅದರಲ್ಲಿ ವಾಪಸ್ ಇಂಗಿದ್ದು. ಪಂಪ್‌ಗೆ ಮೀಟರ್ ಕೂರಿಸಿ ಅಂತ ಆ ಪುಟದಲ್ಲೇ ಕೇಳಿ. ಮುಂದಿನ ಬೇಸಿಗೆಯ ಅಂಕಿ ಬಂದ ಕೂಡಲೇ ಗಣಿಯ ಹೊಸ ತಳ ಹಾಕಿ ಮತ್ತೆ ಓಡಿಸಿ, ಹಳೆಯ ಅಂದಾಜಿನ ಪಕ್ಕದಲ್ಲೇ ಹೊಸ ಅಳತೆಯನ್ನೂ ಬರೆಯಿರಿ.